ಎದೆಯ ಗಾಯ ಒಳಗೆ ಹೊಕ್ಕಿದೆ ಎಂದು ಹೇಳಬೇಕಾದವರು ಯಾರು?

ಪ್ರಶ್ನೆ: ಮೇಡಂ, ನಾನು ಬಿ.ಎಸ್ಸಿ. ಮುಗಿಸಿ ಬೆಂಗಳೂರಿನಲ್ಲಿ ಎರಡು ವರ್ಷದಿಂದ ಮೆಡಿಕಲ್ ಕೋಡರ್ ಆಗಿದ್ದೇನೆ, ಅಂದರೆ ಡಾಕ್ಟರು ಬರೆದದ್ದನ್ನು ಓದಿ ರೋಗಕ್ಕೆ, ಗಾಯಕ್ಕೆ ಬಿಲ್ಲಿಗೆ ಬೇಕಾದ ಕೋಡ್ ಹಾಕುವ ಕೆಲಸ. ಅಮೆರಿಕದ ಆಸ್ಪತ್ರೆಯೊಂದರ ಇನ್‌ಪೇಷಂಟ್ ಮತ್ತು ಎಮರ್ಜೆನ್ಸಿ ಚಾರ್ಟ್‌ಗಳು ನಮಗೆ ಬರುತ್ತವೆ. ಒಬ್ಬ ಯುವಕನ ಎಡ ಎದೆಯ ಮುಂಭಾಗಕ್ಕೆ ಯಾರೋ ಚಾಕುವಿನಿಂದ ಇರಿದಿದ್ದರು. ಎಮರ್ಜೆನ್ಸಿ ಡಾಕ್ಟರು "ಎದೆಗೋಡೆಯ ಮೇಲೆ 3 ಸೆಂ.ಮೀ. ಲ್ಯಾಸರೇಶನ್ (ಸೀಳುಗಾಯ), ಫಾರಿನ್ ಬಾಡಿ (ಒಳಗೆ ಉಳಿದ ಹೊರವಸ್ತು) ಇಲ್ಲ, ಹೊಲಿಗೆ ಹಾಕಲಾಗಿದೆ" ಎಂದು ಬರೆದಿದ್ದರು. ಸರ್ಜನ್ ನೋಟ್‌ನಲ್ಲಿ "ಪೆನಿಟ್ರೇಟಿಂಗ್ ಚೆಸ್ಟ್ ಟ್ರಾಮಾ, ಟ್ರಾಮಾಟಿಕ್ ನ್ಯೂಮೊಥೊರಾಕ್ಸ್ (ಪೆಟ್ಟಿನಿಂದ ಶ್ವಾಸಕೋಶದ ಸುತ್ತ ಗಾಳಿ ತುಂಬುವುದು), ಚೆಸ್ಟ್ ಟ್ಯೂಬ್ (ಅದನ್ನು ಹೊರತೆಗೆಯುವ ಕೊಳವೆ) ಹಾಕಿದೆ" ಎಂದಿತ್ತು. ನಾನು ಎಸ್21.112ಎ ಮತ್ತು ಎಸ್27.0ಎಕ್ಸ್‌ಎಕ್ಸ್‌ಎ ಹಾಕಿದೆ. ಗಾಯಕ್ಕೆ ಎಸ್21.312ಎ ಆಗಬೇಕಿತ್ತು ಎಂದು ಆಡಿಟರ್ ಎರರ್ ಕೊಟ್ಟರು. ಒಂಬತ್ತು ದಿನದ ನಂತರ ಅದೇ ರೋಗಿ ಮತ್ತೆ ಎಮರ್ಜೆನ್ಸಿಗೆ ಬಂದ. "ಹೊಲಿದ ಲ್ಯಾಸರೇಶನ್ ಬಿಚ್ಚಿಕೊಂಡಿದೆ, ಚೆಸ್ಟ್ ವಾಲ್ ಸೆಲ್ಯುಲೈಟಿಸ್ (ಎದೆಗೋಡೆಯ ಚರ್ಮದ ಸೋಂಕು)" ಎಂದು ಡಾಕ್ಟರು ಬರೆದಿದ್ದರು. ಎರಡನೇ ಭೇಟಿ ಅಲ್ವಾ ಎಂದು ಎಸ್21.112ಡಿ, ಎಲ್03.313 ಹಾಕಿದೆ. ಅದೂ ಎರರ್, ಟಿ81.31ಎಕ್ಸ್‌ಎ ಆಗಬೇಕಂತೆ. ಆ ತಿಂಗಳು ನನ್ನ ಆಕ್ಯುರಸಿ 95ಕ್ಕಿಂತ ಕೆಳಗೆ ಹೋಯಿತು. ನ್ಯೂಮೊಥೊರಾಕ್ಸ್ ಇದ್ದರೆ ಗಾಯ ಒಳಗೆ ಹೋಗಿದೆ ಎಂದು ನಾವೇ ತಿಳಿದುಕೊಳ್ಳಬೇಕಾ? ರಿಬಟಲ್ (ಆಡಿಟರ್ ತೀರ್ಮಾನಕ್ಕೆ ಆಕ್ಷೇಪ) ಹಾಕಲಾ, ಸುಮ್ನೆ ಒಪ್ಪಿಕೊಳ್ಳಲಾ?

ಉತ್ತರ: ಮೊದಲು ಒಂದು ಮೆಚ್ಚುಗೆ. ರೋಗಿಯ ಹೆಸರು, ದಿನಾಂಕ, ಚಾರ್ಟ್‌ನ ಫೋಟೊ ಯಾವುದನ್ನೂ ಕಳಿಸದೆ ವಿಷಯವನ್ನಷ್ಟೇ ಬರೆದಿದ್ದೀರಿ. ಕೋಡರ್‌ಗಳ ವಾಟ್ಸಾಪ್ ಗುಂಪುಗಳಲ್ಲಿ ಚಾರ್ಟ್‌ನ ಸ್ಕ್ರೀನ್‌ಶಾಟ್ ಹಾಕಿ "ಇದಕ್ಕೆ ಕೋಡ್ ಏನು" ಎಂದು ಕೇಳುವವರನ್ನು ಕಂಡರೆ ನನಗೆ ಭಯವಾಗುತ್ತದೆ. ರೋಗಿಯ ಮಾಹಿತಿಯ ಗುಟ್ಟು ಕಾಯುವ 1996ರ ಹಿಪಾ ಅಮೆರಿಕದ ಕಾಯ್ದೆಯೇ ಇರಬಹುದು. ಆದರೆ ಆ ಚಾರ್ಟ್ ತೆರೆಯುವ ಬೆಂಗಳೂರಿನ ಕಂಪನಿಯೂ ಕರಾರಿನ ಮೂಲಕ ಅದಕ್ಕೆ ಕಟ್ಟುಬಿದ್ದಿರುತ್ತದೆ.

ಈಗ ನಿಮ್ಮ ಚಿಂತೆಗೆ ಬರೋಣ. ಮೊದಲ ಚಾರ್ಟ್‌ನಲ್ಲಿ ನೀವು ಮತ್ತು ಆಡಿಟರ್ ಇಬ್ಬರೂ ಡಾಕ್ಟರನ್ನು ಕೇಳುವ ಹೆಜ್ಜೆಯನ್ನು ಬಿಟ್ಟಿದ್ದೀರಿ. ಎರಡನೇ ಚಾರ್ಟ್‌ನಲ್ಲಿ ನಿಮ್ಮ ಕೋಡ್ ತಪ್ಪು. ಆದರೆ ನೀವು ಬರೆದಿರುವ ವಿವರ ಸರಿಯಿದ್ದರೆ ಆಡಿಟರ್ ಕೊಟ್ಟ ಕೋಡೂ ಸರಿಯಲ್ಲ. ಎರಡನ್ನೂ ಬೇರೆ ಬೇರೆಯಾಗಿ ಬಿಡಿಸಿ ನೋಡಬೇಕು.

ಎಸ್21 ಅಂದರೆ ಎದೆಭಾಗದ ತೆರೆದ ಗಾಯ. ರೋಗ, ಗಾಯಗಳಿಗೆ ಅಮೆರಿಕ ಬಳಸುವ ಕೋಡ್ ಪಟ್ಟಿಯಾದ ಐಸಿಡಿ-10-ಸಿಎಂನಲ್ಲಿ ಎಸ್21.0 ಸ್ತನದ ಗಾಯಕ್ಕೆ. ಎಸ್21.1 ಎದೆಯ ಮುಂಭಾಗದ ಗೋಡೆಗೆ, ಎಸ್21.2 ಹಿಂಭಾಗದ ಗೋಡೆಗೆ. ಇವೆರಡರಲ್ಲೂ ಗಾಯ ಎದೆಗೂಡಿನ ಒಳಕ್ಕೆ ಹೊಕ್ಕಿಲ್ಲ. ಹೊಕ್ಕಿದ್ದರೆ ಮುಂಭಾಗಕ್ಕೆ ಎಸ್21.3, ಹಿಂಭಾಗಕ್ಕೆ ಎಸ್21.4. ಮುಂದಿನ ಅಂಕಿ ಗಾಯದ ಬಗೆ ಹೇಳುತ್ತದೆ: ಲ್ಯಾಸರೇಶನ್ನೋ, ಪಂಕ್ಚರ್ರೋ, ಕಡಿತವೋ, ಒಳಗೆ ಬೇರೆ ವಸ್ತು ಉಳಿದಿದೆಯೋ. ಆಮೇಲೆ ಬಲವೋ ಎಡವೋ. ಕೊನೆಗೆ ಎ, ಡಿ ಅಥವಾ ಎಸ್. ಹಾಗಾಗಿ ನಿಮ್ಮ ಎಸ್21.112ಎ ಮತ್ತು ಆಡಿಟರ್‌ರ ಎಸ್21.312ಎ ನಡುವೆ ಇರುವುದು ಒಂದೇ ವ್ಯತ್ಯಾಸ. ಚಾಕು ಎದೆಗೂಡಿನ ಒಳಕ್ಕೆ ಹೋಯಿತೋ ಇಲ್ಲವೋ ಎಂಬುದು.

ಒಳಕ್ಕೆ ಅಂದರೆ ಎಲ್ಲಿಗೆ? ಚರ್ಮ, ಅದರ ಕೆಳಗೆ ಕೊಬ್ಬು, ಪೆಕ್ಟೊರಾಲಿಸ್ ಮುಂತಾದ ಸ್ನಾಯು, ಪಕ್ಕೆಲುಬು, ಪಕ್ಕೆಲುಬುಗಳ ನಡುವಿನ ಸ್ನಾಯು, ಅದಕ್ಕೆ ಒಳಗಿನಿಂದ ಅಂಟಿಕೊಂಡ ತೆಳು ಪೊರೆಯಾದ ಪರೈಟಲ್ ಪ್ಲೂರಾ. ಎದೆಯ ಪಕ್ಕದಲ್ಲಿ ಈ ಪೊರೆ ದಾಟಿದರೆ ಗೂಡಿನ ಒಳಗೆ ಹೋದಂತೆ. ಅಲ್ಲಿಯವರೆಗೆ ಎಷ್ಟೇ ಉದ್ದ ಸೀಳಿದ್ದರೂ, ಎಷ್ಟೇ ರಕ್ತ ಹೋಗಿದ್ದರೂ ಅದು ಗೋಡೆಯ ಗಾಯ. ಚಾಕು ಪಕ್ಕೆಲುಬಿಗೆ ತಾಗಿ ಜಾರಿ, ಸ್ನಾಯುವಿನಲ್ಲೇ ಉದ್ದಕ್ಕೆ ಹರಿದುಕೊಂಡು ಹೋಗುವುದೂ ಉಂಟು. ಹೊರಗಿನಿಂದ ಭಯಂಕರ, ಒಳಗೆ ಏನೂ ಆಗಿರುವುದಿಲ್ಲ. 1 ಸೆಂ.ಮೀ. ಕೂಡ ಇಲ್ಲದ ಚುಚ್ಚುಗಾಯ ಶ್ವಾಸಕೋಶಕ್ಕೇ ಇಳಿದಿರುವುದೂ ಉಂಟು. ಅದಕ್ಕೇ 3 ಸೆಂ.ಮೀ. ಎಂಬ ಉದ್ದದಿಂದ ಆಳ ಗೊತ್ತಾಗುವುದಿಲ್ಲ.

ಈಗ ನಿಮ್ಮ ಚಾರ್ಟ್‌ನ ಗೊಂದಲದ ಮೂಲ. ಸರ್ಜನ್ "ಪೆನಿಟ್ರೇಟಿಂಗ್ ಚೆಸ್ಟ್ ಟ್ರಾಮಾ" ಎಂದು ಬರೆದಿದ್ದಾರೆ. ಕೋಡ್‌ನ ವಿವರಣೆಯಲ್ಲಿ "ಥೊರಾಸಿಕ್ ಕ್ಯಾವಿಟಿಗೆ ಪೆನಿಟ್ರೇಶನ್" ಎಂದಿದೆ. ಎರಡೂ ಒಂದೇ ಎಂದು ತಿಳಿದುಕೊಳ್ಳುವ ಕೋಡರ್‌ಗಳು ಬಹಳ ಜನ. ಆಡಿಟರ್‌ಗಳೂ ಇದ್ದಾರೆ. ಟ್ರಾಮಾ ವಿಭಾಗದಲ್ಲಿ ಗಾಯಗಳನ್ನು ಹೇಗೆ ಆದವು ಎನ್ನುವುದರ ಮೇಲೆ ಎರಡು ಗುಂಪು ಮಾಡುತ್ತಾರೆ. ಕಾರು ಗುದ್ದಿದ್ದು, ಬಿದ್ದಿದ್ದು ಬ್ಲಂಟ್. ಚಾಕು, ಗುಂಡು, ಸರಳು ಚುಚ್ಚಿದ್ದು ಪೆನಿಟ್ರೇಟಿಂಗ್. ರೋಗಿಯನ್ನು ಆಂಬುಲೆನ್ಸ್‌ನಿಂದ ಇಳಿಸುವಾಗಲೇ, ಯಾರೂ ಗಾಯದ ಆಳ ನೋಡುವ ಮೊದಲೇ ಈ ಹೆಸರು ಬಿದ್ದಿರುತ್ತದೆ. ಅದರಿಂದ ಗಾಯ ಹೇಗಾಯಿತು ಎಂಬುದು ತಿಳಿಯುತ್ತದೆ, ಪ್ಲೂರಾ ದಾಟಿತೇ ಎಂಬುದು ತಿಳಿಯುವುದಿಲ್ಲ. ಆಡಿಟರ್ ಈ ಒಂದು ಸಾಲನ್ನು ಹಿಡಿದು ಎಸ್21.312ಎ ಕೊಟ್ಟಿದ್ದರೆ ಅದಕ್ಕೆ ಆಧಾರ ಸಾಲದು.

"ಆದರೆ ನ್ಯೂಮೊಥೊರಾಕ್ಸ್ ಇದೆಯಲ್ಲಾ" ಎಂದು ಕೇಳುತ್ತೀರಿ. ಕೇಳಬೇಕಾದ ಮಾತೇ. ಇರಿತದ ಗಾಯ ಇದ್ದು, ಅದೇ ಪಕ್ಕದಲ್ಲಿ ಗಾಳಿ ತುಂಬಿಕೊಂಡಿದ್ದರೆ ಚಾಕು ಪ್ಲೂರಾ ದಾಟಿರುವ ಸಾಧ್ಯತೆ ಬಹಳ ಜಾಸ್ತಿ. ಡಾಕ್ಟರಾಗಿ ಯೋಚಿಸಿದರೆ ಹಾಗೇ ಅನ್ನಿಸುತ್ತದೆ. ಆದರೆ ಕೋಡರ್‌ಗೆ ಆ ಅಧಿಕಾರ ಇಲ್ಲ. ಇರಿತಕ್ಕೆ ಒಳಗಾದವನು ಬಿದ್ದು ಪಕ್ಕೆಲುಬು ಮುರಿದುಕೊಂಡಿರಬಹುದು, ಮುರಿದ ತುದಿ ಶ್ವಾಸಕೋಶಕ್ಕೆ ಚುಚ್ಚಿರಬಹುದು. ಕುತ್ತಿಗೆಯ ಬುಡದಲ್ಲಿ ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳಕ್ಕೆ ಹಾಕುವ ಕೊಳವೆ) ಹಾಕುವಾಗ ನ್ಯೂಮೊಥೊರಾಕ್ಸ್ ಆಗಿರಬಹುದು. ಆಗ ಕೋಡೇ ಬೇರೆ, ಜೆ95.811. ನಿಮ್ಮ ಚಾರ್ಟ್‌ನಲ್ಲಿ ಸರ್ಜನ್ ಟ್ರಾಮಾಟಿಕ್ ಎಂದು ಸ್ಪಷ್ಟವಾಗಿ ಬರೆದಿದ್ದರಿಂದ ಎಸ್27.0 ಸರಿ. ಗಾಯದ ಆಳಕ್ಕೆ ಮಾತ್ರ ಯಾರೂ ಮಾತು ಕೊಟ್ಟಿಲ್ಲ.

ನ್ಯೂಮೊಥೊರಾಕ್ಸ್ ನೋಡಿದ ಕೂಡಲೇ "ಒಳಗೆ ಹೊಕ್ಕಿದೆ" ಎಂದುಕೊಳ್ಳುವ ಅಭ್ಯಾಸಕ್ಕೆ ಒಂದು ಹಳೆಯ ಕಾರಣವೂ ಇದೆ. 2015ರ ಸೆಪ್ಟೆಂಬರ್ 30ರವರೆಗೆ ಅಮೆರಿಕದಲ್ಲಿ ಐಸಿಡಿ-9-ಸಿಎಂ ನಡೆಯುತ್ತಿತ್ತು. ಅದರಲ್ಲಿ ಎದೆಗೋಡೆಯ ತೆರೆದ ಗಾಯಕ್ಕೆ ಇದ್ದದ್ದು ಎರಡೇ ಕೋಡ್. ಕಾಂಪ್ಲಿಕೇಶನ್ ಇಲ್ಲದಿದ್ದರೆ 875.0, ಇದ್ದರೆ 875.1. ಎಡ ಬಲ ಇಲ್ಲ, ಮುಂದೆ ಹಿಂದೆ ಇಲ್ಲ, ಆಳವೂ ಇಲ್ಲ. ಗಾಯ ಎದೆಯೊಳಕ್ಕೆ ತೆರೆದುಕೊಂಡಿದೆಯೇ ಎಂಬುದನ್ನು ನ್ಯೂಮೊಥೊರಾಕ್ಸ್‌ನ ಕೋಡೇ ಹೇಳುತ್ತಿತ್ತು. ಇಲ್ಲದಿದ್ದರೆ 860.0, ಇದ್ದರೆ 860.1. ಇರಿತ ಮತ್ತು ನ್ಯೂಮೊಥೊರಾಕ್ಸ್ ಎರಡನ್ನೂ ಕಂಡವರ ಕೈ ತಾನಾಗಿಯೇ 860.1 ಟೈಪ್ ಮಾಡುತ್ತಿತ್ತು. 2015ರ ಅಕ್ಟೋಬರ್ 1ರಿಂದ ಈ ಎರಡು ಮಾಹಿತಿಗಳು ಬೇರೆಯಾದವು. ಎಸ್27.0 ಗಾಳಿಯ ಬಗ್ಗೆ ಮಾತ್ರ ಹೇಳುತ್ತದೆ, ಗಾಯದ ಆಳವನ್ನು ಎಸ್21ರ ನಾಲ್ಕನೇ ಅಕ್ಷರ ಹೇಳಬೇಕು. ಆದರೆ ಹಳೆಯ ಜೋಡಣೆ ತರಬೇತಿಯ ನೋಟ್ಸ್‌ಗಳಲ್ಲಿ, ಹಿರಿಯರ ಬಾಯಿಮಾತಿನಲ್ಲಿ ಇನ್ನೂ ಉಳಿದುಕೊಂಡಿದೆ. 875.1ರ "ಕಾಂಪ್ಲಿಕೇಟೆಡ್" ಎಂಬ ಮಾತೂ ಹಾಗೆಯೇ. ಗಾಯ ತಡವಾಗಿ ಮಾಯುವುದು, ತಡವಾಗಿ ಚಿಕಿತ್ಸೆ, ಫಾರಿನ್ ಬಾಡಿ, ಸೋಂಕು ಎಲ್ಲವೂ ಅದರೊಳಗೆ ಬರುತ್ತಿದ್ದವು. ಈಗ ಸೋಂಕಿಗೆ ಪ್ರತ್ಯೇಕ ಕೋಡ್, ಫಾರಿನ್ ಬಾಡಿಗೆ ಪ್ರತ್ಯೇಕ ಅಂಕಿ.

ಹಾಗಾದರೆ ಡಾಕ್ಟರು ಕೋಡ್‌ಬುಕ್‌ನ ಮಾತನ್ನೇ ಅಕ್ಷರಶಃ ಬರೆಯಬೇಕಾ? ಬೇಡ. "ಗಾಯದ ದಾರಿ ಪ್ಲೂರಲ್ ಸ್ಪೇಸ್‌ಗೆ ತೆರೆದುಕೊಂಡಿದೆ", "ಪರೈಟಲ್ ಪ್ಲೂರಾ ಹರಿದಿದೆ", "ಬೆರಳು ಹಾಕಿ ನೋಡಿದಾಗ ಎದೆಗೂಡು ಸಿಕ್ಕಿತು" ಎಂದು ಚಿಕಿತ್ಸೆ ಕೊಟ್ಟ ಡಾಕ್ಟರು ಬರೆದಿದ್ದರೆ ಸಾಕು. ಇಂಥ ಸಾಲುಗಳು ಸಾಮಾನ್ಯವಾಗಿ ಹಿಸ್ಟರಿಯಲ್ಲಿ ಸಿಗುವುದಿಲ್ಲ. ಆಪರೇಟಿವ್ ನೋಟ್, ಚೆಸ್ಟ್ ಟ್ಯೂಬ್ ಹಾಕಿದ ಪ್ರೊಸೀಜರ್ ನೋಟ್, ಟ್ರಾಮಾ ಸರ್ವೆ ನೋಡಿ. ನಾನು ಆಡಿಟ್ ಮಾಡುವಾಗ ಮೊದಲು ತೆರೆಯುವುದು ಪ್ರೊಸೀಜರ್ ನೋಟನ್ನೇ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಇಲ್ಲದ ಆಳ ಎಷ್ಟೋ ಸಲ ಅಲ್ಲಿ ಒಂದು ಸಾಲಿನಲ್ಲಿ ಕೂತಿರುತ್ತದೆ.

ಸಿ.ಟಿ. ರಿಪೋರ್ಟ್ ಬಗ್ಗೆ ಒಂದು ಎಚ್ಚರಿಕೆ. ರೇಡಿಯಾಲಜಿಸ್ಟ್ "ಗಾಯದ ದಾರಿ ಪ್ಲೂರಾವರೆಗೆ ಕಾಣುತ್ತದೆ" ಎಂದು ಬರೆದಿದ್ದರೂ ಇನ್‌ಪೇಷಂಟ್ ಚಾರ್ಟ್‌ನಲ್ಲಿ ಅದೊಂದರಿಂದಲೇ ಡಯಾಗ್ನೋಸಿಸ್ ಕೋಡ್ ಹಾಕುವಂತಿಲ್ಲ. ಚಿಕಿತ್ಸೆ ಕೊಡುವ ಡಾಕ್ಟರು ಅದನ್ನು ಒಪ್ಪಿ ಬರೆಯಬೇಕು. ಆದರೆ ಡಾಕ್ಟರಿಗೆ ಕ್ವೆರಿ (ಲಿಖಿತ ಪ್ರಶ್ನೆ) ಕಳಿಸಲು ಇದಕ್ಕಿಂತ ಒಳ್ಳೆಯ ಆಧಾರ ಬೇಕಿಲ್ಲ. ಎಡವೋ ಬಲವೋ ಎಂಬುದಕ್ಕೆ ಮಾತ್ರ ಅಮೆರಿಕದ ಅಧಿಕೃತ ಕೋಡಿಂಗ್ ಗೈಡ್‌ಲೈನ್ ಸ್ವಲ್ಪ ಸಡಿಲ. ಡಾಕ್ಟರು ಪಕ್ಕ ಬರೆಯದೆ ನರ್ಸ್ ಬರೆದಿದ್ದರೆ ಅದನ್ನು ತೆಗೆದುಕೊಳ್ಳಬಹುದು. ಇಬ್ಬರ ಬರಹಕ್ಕೂ ತಾಳೆಯಾಗದಿದ್ದರೆ ಡಾಕ್ಟರನ್ನು ಕೇಳಬೇಕು. ಆಳದ ವಿಷಯದಲ್ಲಿ ಈ ರಿಯಾಯಿತಿ ಇಲ್ಲ.

ಮೊದಲ ಚಾರ್ಟ್‌ನಲ್ಲಿ ನಿಮ್ಮ ಮುಂದೆ ಇದ್ದ ದಾರಿಗಳು ಮೂರು, ಮೂರಕ್ಕೂ ತೊಂದರೆ ಉಂಟು. ಚಾರ್ಟ್‌ನಲ್ಲಿ ಇದ್ದಷ್ಟಕ್ಕೆ ಎಸ್21.112ಎ ಹಾಕಿ ಕಳಿಸಬಹುದಿತ್ತು, ನೀವು ಮಾಡಿದ್ದು ಅದನ್ನೇ. ಕೋಡ್‌ಬುಕ್‌ನ ಇಂಡೆಕ್ಸ್ ಪ್ರಕಾರ, ಒಳಕ್ಕೆ ಹೊಕ್ಕಿದೆ ಎಂದು ಬರೆಯದ ಎದೆಗೋಡೆಯ ಗಾಯ ಅಲ್ಲಿಗೇ ಹೋಗುತ್ತದೆ. ಆದ್ದರಿಂದ ಅದು ಸಮರ್ಥಿಸಿಕೊಳ್ಳಬಹುದಾದ ಕೋಡ್. ಆದರೆ ಆ ಯುವಕನ ಗಾಯ ನಿಜವಾಗಿ ಇದ್ದದ್ದಕ್ಕಿಂತ ಹಗುರ ಎಂದು ದಾಖಲಾಗಿರಬಹುದು. ಆಸ್ಪತ್ರೆಯ ಟ್ರಾಮಾ ಲೆಕ್ಕದಲ್ಲಿ, ಅವನ ಮುಂದಿನ ವೈದ್ಯಕೀಯ ದಾಖಲೆಯಲ್ಲಿ ಅದು ಹಾಗೆಯೇ ಉಳಿಯುತ್ತದೆ. ಎರಡನೇ ದಾರಿ ಆಡಿಟರ್ ಹೇಳಿದ್ದು. ಅದು ವೈದ್ಯಕೀಯವಾಗಿ ನಿಜವೇ ಆಗಿರಬಹುದು. ಆದರೂ ಇನ್ಶೂರೆನ್ಸ್ ಕಂಪನಿ ರೆಕಾರ್ಡ್ ಕೇಳಿದ ದಿನ ತೋರಿಸಲು ಒಂದು ಸಾಲೂ ಇರುವುದಿಲ್ಲ. ಆಧಾರ ಇಲ್ಲದೆ ಗಾಯವನ್ನು ಹೆಚ್ಚು ತೀವ್ರ ಎಂದು ತೋರಿಸುವುದು ಅಮೆರಿಕದಲ್ಲಿ ಸಣ್ಣ ವಿಷಯವಲ್ಲ. ಸರ್ಕಾರಿ ವಿಮೆಗೆ ಗೊತ್ತಿದ್ದೂ ಸುಳ್ಳು ಬಿಲ್ ಕೊಟ್ಟರೆ ಹಿಡಿಯುವ ಫಾಲ್ಸ್ ಕ್ಲೇಮ್ಸ್ ಆಕ್ಟ್ 1863ರಿಂದ ಇದೆ. ಮೂರನೇ ದಾರಿ ಕ್ವೆರಿ. ಬಿಲ್ ಕೆಲವು ದಿನ ನಿಲ್ಲುತ್ತದೆ, ನಿಮ್ಮ ಪ್ರೊಡಕ್ಷನ್‌ಗೆ ಪೆಟ್ಟು ಬೀಳುತ್ತದೆ, ಡಾಕ್ಟರು ಬೇಸರಪಡಬಹುದು, ಉತ್ತರವೇ ಬಾರದಿರಲೂಬಹುದು. ಆದರೂ ನಿಮ್ಮ ಚಾರ್ಟ್‌ಗೆ ಅದೇ ಸರಿಯಾದ ದಾರಿಯಾಗಿತ್ತು. ಇರಿತ, ಅದೇ ಪಕ್ಕದ ನ್ಯೂಮೊಥೊರಾಕ್ಸ್, ಚೆಸ್ಟ್ ಟ್ಯೂಬ್ ಮೂರೂ ಒಟ್ಟಿಗೆ ಇರುವಾಗ ಕೇಳದೆ ಬಿಡಬಾರದು.

ಕ್ವೆರಿ ಬರೆಯುವುದರಲ್ಲಿಯೂ ಜಾಗ್ರತೆ ಬೇಕು. "ಗಾಯ ಎದೆಯೊಳಕ್ಕೆ ಹೊಕ್ಕಿದೆ ಎಂದು ಸೇರಿಸಿ" ಎಂದು ಕೇಳಿದರೆ ಉತ್ತರವನ್ನು ನೀವೇ ಡಾಕ್ಟರ ಬಾಯಿಗೆ ಇಟ್ಟಂತೆ. ಅಮೆರಿಕದ ಅಹಿಮಾ ಮತ್ತು ಆಕ್ಡಿಸ್ ಎಂಬ ಸಂಸ್ಥೆಗಳು ಒಟ್ಟಾಗಿ ಹೊರಡಿಸಿರುವ ಕ್ವೆರಿ ಮಾರ್ಗಸೂಚಿ ಇದನ್ನು ಒಪ್ಪುವುದಿಲ್ಲ. ಯಾವ ಉತ್ತರ ಬಂದರೆ ದುಡ್ಡು ಎಷ್ಟು ಎಂಬ ಸುಳಿವೂ ಅದರಲ್ಲಿ ಇರಬಾರದು. ಚಾರ್ಟ್‌ನಲ್ಲಿ ಇರುವುದನ್ನು ಮೊದಲು ಇಡಿ: ಇಂಥ ದಿನದ ಎಮರ್ಜೆನ್ಸಿ ನೋಟ್‌ನಲ್ಲಿ ಎಡ ಎದೆಯ ಮುಂಭಾಗದ ಗೋಡೆಯಲ್ಲಿ 3 ಸೆಂ.ಮೀ. ಲ್ಯಾಸರೇಶನ್ ಇದೆ, ಸರ್ಜನ್ ನೋಟ್‌ನಲ್ಲಿ ಟ್ರಾಮಾಟಿಕ್ ನ್ಯೂಮೊಥೊರಾಕ್ಸ್ ಮತ್ತು ಚೆಸ್ಟ್ ಟ್ಯೂಬ್ ಇದೆ. ಆಮೇಲೆ "ನಿಮ್ಮ ವೈದ್ಯಕೀಯ ತೀರ್ಮಾನದ ಪ್ರಕಾರ ಗಾಯದ ಆಳ ತಿಳಿಸಿ" ಎಂದು ಕೇಳಿ ಆಯ್ಕೆ ಕೊಡಿ. ಎದೆಗೋಡೆಗೆ ಸೀಮಿತ, ಎದೆಗೂಡಿನ ಒಳಕ್ಕೆ ಹೊಕ್ಕಿದೆ, ಬೇರೆ ಏನಾದರೂ, ನಿರ್ಧರಿಸಲು ಆಗುವುದಿಲ್ಲ. ಇಷ್ಟೇ. ಉತ್ತರ ಬಂದ ಮೇಲೆ ಅದು ಚಾರ್ಟ್‌ನ ಭಾಗವಾಗಿ ಉಳಿಯಬೇಕು. ಚಾಟ್‌ನಲ್ಲಿ "ಯೆಸ್" ಎಂದು ಬಂದದ್ದನ್ನು ನಂಬಿ ಕೋಡ್ ಬದಲಿಸಬೇಡಿ.

ಅದೇ ಚಾರ್ಟ್‌ನಲ್ಲಿ ಇನ್ನೊಂದು ಸಂಗತಿ. ಗಾಯದ ಕೋಡ್ ಮೊದಲು ಹಾಕಿದಿರೋ, ನ್ಯೂಮೊಥೊರಾಕ್ಸ್ ಮೊದಲು ಹಾಕಿದಿರೋ ನೀವು ಬರೆದಿಲ್ಲ. ಗಾಯಗಳು ಹಲವು ಇದ್ದಾಗ ಅತ್ಯಂತ ಗಂಭೀರವಾದದ್ದು ಮೊದಲು ಬರಬೇಕು. ಗಂಭೀರ ಯಾವುದು ಎಂಬುದನ್ನು ಡಾಕ್ಟರ ತೀರ್ಮಾನ ಮತ್ತು ಚಿಕಿತ್ಸೆಯ ಗಮನ ಎಲ್ಲಿತ್ತು ಎಂಬುದು ಹೇಳುತ್ತದೆ. ಟ್ಯೂಬ್ ಹಾಕಿ ಅಡ್ಮಿಟ್ ಮಾಡಿಕೊಂಡದ್ದು ನ್ಯೂಮೊಥೊರಾಕ್ಸ್‌ಗಾಗಿ ಎಂದಾದರೆ ಎಸ್27.0 ಮುಂದೆ, ಎಸ್21 ಹಿಂದೆ. ಚಾಕು ಇರಿತಕ್ಕೆ ಎಕ್ಸ್99.1ಎಕ್ಸ್‌ಎಕ್ಸ್‌ಎ ಬರುತ್ತದೆ, ಹಲ್ಲೆ ಎಂದು ದಾಖಲಾಗಿದ್ದರೆ ಮಾತ್ರ. ಉದ್ದೇಶ ಏನೂ ಬರೆಯದಿದ್ದರೆ ಗೈಡ್‌ಲೈನ್ ಅದನ್ನು ಆಕಸ್ಮಿಕ ಎಂದೇ ಹಿಡಿಯುತ್ತದೆ. ಉದ್ದೇಶವನ್ನು ನಿರ್ಧರಿಸಲಾಗದು ಎಂದು ಚಾರ್ಟ್ ಸ್ವತಃ ಹೇಳಿದ್ದರಷ್ಟೇ ಅನಿಶ್ಚಿತ ಎಂಬ ಕೋಡ್. ಇಂಥ ಹೊರಕಾರಣದ ಕೋಡ್‌ಗಳು ಎಂದಿಗೂ ಮೊದಲನೇ ಸ್ಥಾನಕ್ಕೆ ಬರುವುದಿಲ್ಲ.

ಈಗ ಎರಡನೇ ಭೇಟಿ. ನನಗೆ ಹೆಚ್ಚು ಕಾಳಜಿ ಇರುವುದು ಇಲ್ಲಿ, ಏಕೆಂದರೆ ಈ ತಪ್ಪು ಒಂದು ಚಾರ್ಟ್‌ಗೆ ನಿಲ್ಲುವುದಿಲ್ಲ.

ನೀವು ಡಿ ಹಾಕಿದ್ದು "ಎರಡನೇ ಸಲ ಬಂದ" ಎಂಬ ಕಾರಣಕ್ಕೆ. ಏಳನೇ ಅಕ್ಷರಕ್ಕೂ ಭೇಟಿಯ ಎಣಿಕೆಗೂ ಸಂಬಂಧ ಇಲ್ಲ. ಎ ಅಂದರೆ ಆ ತೊಂದರೆಗೆ ಸಕ್ರಿಯ ಚಿಕಿತ್ಸೆ ನಡೆಯುತ್ತಿದೆ ಎಂದು. ಬೇರೆ ಆಸ್ಪತ್ರೆಗೆ ಹೋದರೂ, ಹೊಸ ಡಾಕ್ಟರು ನೋಡಿದರೂ, ಐದನೇ ಸಲ ಬಂದರೂ ಸಕ್ರಿಯ ಚಿಕಿತ್ಸೆ ಇದ್ದರೆ ಎ. ಗಾಯ ಸರಿಯಾಗಿ ಮಾಯುತ್ತಿದೆ, ಡ್ರೆಸಿಂಗ್ ನೋಡಿ ಕಳಿಸಿದರು, ಹೊಲಿಗೆ ಬಿಚ್ಚಿದರು ಅಂದರೆ ಡಿ. ಹೊಲಿಗೆ ಬಿಚ್ಚಲು ಬಂದವರಿಗೆ ಕೆಲವರು ಜೆಡ್48.02 ಹಾಕುತ್ತಾರೆ. ಅಪಘಾತದ ಗಾಯಕ್ಕೆ ಆಫ್ಟರ್‌ಕೇರ್‌ನ ಜೆಡ್ ಕೋಡ್ ಹಾಕಬಾರದು ಎಂದು ಗೈಡ್‌ಲೈನ್ ಹೇಳುತ್ತದೆ, ಅಲ್ಲಿ ಗಾಯದ ಕೋಡ್‌ಗೇ ಡಿ ಬರಬೇಕು. ಗಾಯ ಮಾಯ್ದು ವರ್ಷವಾದ ಮೇಲೆ ಕಲೆ ಎಳೆಯುತ್ತದೆ ಎಂದು ಬಂದರೆ ಕಲೆಯ ಕೋಡ್ ಮೊದಲು, ಗಾಯದ ಕೋಡ್‌ಗೆ ಎಸ್ ಸೇರಿಸಿ ನಂತರ.

ನಿಮ್ಮ ರೋಗಿ ಬಂದದ್ದು ಹೊಲಿಗೆ ಬಿಚ್ಚಿಕೊಂಡು, ಸೋಂಕು ಆಗಿ. ಅದು ಹೊಸ ತೊಂದರೆ. ಅದಕ್ಕೆ ಟಿ81.3 ಗುಂಪಿಗೆ ಹೋಗಬೇಕು ಎಂದ ಆಡಿಟರ್ ಆ ಮಟ್ಟಿಗೆ ಸರಿ. ಆದರೆ ಟಿ81.31 ಇರುವುದು ಸರ್ಜನ್ ಮಾಡಿದ ಆಪರೇಷನ್ ಗಾಯ ಮೇಲ್ಪದರದಲ್ಲಿ ಬಿಚ್ಚಿಕೊಂಡಾಗ. ಚಾಕುವಿನಿಂದ ಆದ ಸೀಳನ್ನು ಹೊಲಿದು, ಆ ಹೊಲಿಗೆ ಬಿಚ್ಚಿಕೊಂಡರೆ ಅದಕ್ಕೆಂದೇ ಟಿ81.33 ಇದೆ. ಡಾಕ್ಟರು "ಹೊಲಿದ ಲ್ಯಾಸರೇಶನ್" ಎಂದೇ ಬರೆದಿರುವಾಗ ಸರಿಯಾದದ್ದು ಟಿ81.33ಎಕ್ಸ್‌ಎ, ಜೊತೆಗೆ ಎಲ್03.313. ಬಿಚ್ಚಿಕೊಂಡದ್ದಕ್ಕೆ ಸಕ್ರಿಯ ಚಿಕಿತ್ಸೆ ನಡೆದದ್ದರಿಂದ ಎ.

ಆಡಿಟರ್ ಹಾಗೆ ಯಾಕೆ ಯೋಚಿಸಿರಬಹುದು ಎಂದು ನನಗೆ ಒಂದು ಅಂದಾಜಿದೆ. ಆ ಯುವಕನ ಎದೆಯ ಮೇಲೆ ಇದ್ದದ್ದು ಒಂದು ಗಾಯವಲ್ಲ, ಎರಡು. ಚಾಕು ಮಾಡಿದ್ದು ಒಂದು, ಚೆಸ್ಟ್ ಟ್ಯೂಬ್ ಇಳಿಸಲು ಸರ್ಜನ್ ಮಾಡಿದ್ದು ಇನ್ನೊಂದು. ಟ್ಯೂಬನ್ನು ಇರಿತದ ಗಾಯದ ಮೂಲಕವೇ ಹಾಕುವುದಿಲ್ಲ. ಸಾಮಾನ್ಯವಾಗಿ ಕಂಕುಳಿನ ಕೆಳಗೆ, ನಾಲ್ಕನೇ ಅಥವಾ ಐದನೇ ಪಕ್ಕೆಲುಬಿನ ಸಂದಿಯಲ್ಲಿ ಬೇರೆ ಸೀಳು ಮಾಡುತ್ತಾರೆ. ಆ ಸೀಳು ಎಂದಿಗೂ ಎಸ್21 ಆಗುವುದಿಲ್ಲ. ಅದು ಬಿಚ್ಚಿಕೊಂಡರೆ ಟಿ81.31. ಅಲ್ಲಿ ಮೇಲ್ಪದರದ ಸೋಂಕು ಆಗಿ, ಡಾಕ್ಟರು ಅದನ್ನು ಪ್ರೊಸೀಜರ್‌ಗೆ ಸಂಬಂಧಿಸಿದ್ದು ಎಂದು ಬರೆದರೆ ಟಿ81.41. ಎಮರ್ಜೆನ್ಸಿ ಡಾಕ್ಟರು ಬರೀ "ಎಡ ಎದೆಯ ಗಾಯ ಬಿಚ್ಚಿದೆ" ಎಂದು ಬರೆದಿದ್ದರೆ ಯಾವ ಗಾಯ ಎಂದು ಕೇಳಲೇಬೇಕಾಗಿತ್ತು. ನಿಮ್ಮ ಚಾರ್ಟ್‌ನಲ್ಲಿ ಡಾಕ್ಟರು ಲ್ಯಾಸರೇಶನ್ ಎಂದು ಬರೆದು ಉಪಕಾರ ಮಾಡಿದ್ದಾರೆ. ನರ್ಸಿಂಗ್ ನೋಟ್‌ನಲ್ಲಿ ಬೇರೆ ಜಾಗ ಬರೆದಿಲ್ಲ ತಾನೆ ಎಂದು ಒಮ್ಮೆ ನೋಡಿಕೊಳ್ಳಿ. ಸೋಂಕು ಇದೆ ಎಂದ ಮಾತ್ರಕ್ಕೆ ಟಿ81.4 ಗುಂಪಿಗೆ ಹಾರಬೇಡಿ. ಪ್ರೊಸೀಜರ್‌ನಿಂದಲೇ ಸೋಂಕು ಎಂಬ ನಂಟನ್ನು ಡಾಕ್ಟರು ಕಟ್ಟಬೇಕು. ಕೊಳಕು ಚಾಕುವಿನಿಂದ ಬಂದ ಸೋಂಕೂ ಇರಬಹುದಲ್ಲ.

ಎದೆಯ ಮೇಲೆ ತೆರೆದ ಗಾಯ ಕಂಡ ಕೂಡಲೇ ಎಸ್21 ಹುಡುಕುವ ಅಭ್ಯಾಸವೂ ಇದೆ. ಬೈಪಾಸ್ ಆಪರೇಷನ್ ಆದವರ ಎದೆಮೂಳೆಯ ಮೇಲಿನ ಗಾಯ ಬಿಚ್ಚಿಕೊಂಡರೆ ಅದು ಟಿ81.3 ಗುಂಪು. ಸೋಂಕು ಶ್ವಾಸಕೋಶಗಳ ನಡುವಿನ ಮೀಡಿಯಾಸ್ಟಿನಮ್‌ಗೆ ಇಳಿದಿದ್ದರೆ ಟಿ81 ಕೋಡ್ ಮೊದಲು ಬಂದು ಜೆ98.51 ಅದರ ಹಿಂದೆ ಬರುತ್ತದೆ. ಸ್ತನದ ಕ್ಯಾನ್ಸರ್ ಚರ್ಮ ಒಡೆದು ಹುಣ್ಣಾಗಿದ್ದರೆ ಮುಖ್ಯ ಕೋಡ್ ಸಿ50. ಅದನ್ನು ಗಾಯ ಎಂದು ಎಸ್21ಕ್ಕೆ ಹಾಕಿದರೆ ಆ ಹೆಣ್ಣುಮಗಳ ದಾಖಲೆಯಲ್ಲಿ ಆಗದ ಅಪಘಾತ ಒಂದು ಬಂದು ಕೂರುತ್ತದೆ. ಸುಟ್ಟ ಗಾಯ ಟಿ21ಕ್ಕೆ ಹೋಗುತ್ತದೆ. ದೀರ್ಘಕಾಲದ ಹುಣ್ಣು ಎಲ್98.4 ಗುಂಪಿಗೆ. ಅಲ್ಲಿ ಮಾತ್ರ ಆಳವನ್ನು ನರ್ಸ್ ಬರೆದದ್ದರಿಂದ ತೆಗೆದುಕೊಳ್ಳಬಹುದು, ಹುಣ್ಣು ಇದೆ ಎಂದು ಡಾಕ್ಟರು ಬರೆದಿರಬೇಕು ಅಷ್ಟೆ.

ಪ್ರೊಸೀಜರ್ ಕೋಡ್ ಬಗ್ಗೆ ನೀವು ಕೇಳಿಲ್ಲ. ಆದರೂ ಒಂದು ಮಾತು, ಏಕೆಂದರೆ ಆಳ ಅಲ್ಲಿಯೂ ಕಾಡುತ್ತದೆ. ಇನ್‌ಪೇಷಂಟ್ ಕಡೆ ಪ್ರೊಸೀಜರ್ ಕೋಡ್‌ಗಳ ಪಟ್ಟಿಯಾದ ಪಿಸಿಎಸ್‌ನಲ್ಲಿ ಬರೀ ಚರ್ಮ ಹೊಲಿದದ್ದಕ್ಕೆ ಒಂದು ಕೋಡ್, ಚರ್ಮದಡಿಯ ಪೊರೆಯಾದ ಫೇಶಿಯಾವರೆಗೆ ಹೊಲಿದಿದ್ದರೆ ಬೇರೆ. ಒಂದೇ ಜಾಗದ ಹಲವು ಪದರ ಹೊಲಿದಾಗ ಅತಿ ಆಳದ ಪದರವನ್ನು ಹಿಡಿಯಬೇಕು. ಡಾಕ್ಟರ ಬಿಲ್ಲಿಗೆ ಸಿಪಿಟಿ (ಡಾಕ್ಟರು ಮಾಡಿದ ಕೆಲಸದ ಕೋಡ್) ಹಾಕುವವರಾದರೆ ಉದ್ದವೂ ಬೇಕು. ಎದೆಯ 3 ಸೆಂ.ಮೀ. ಗಾಯಕ್ಕೆ ಸರಳ ಹೊಲಿಗೆ 12002, ಅದು 2.6ರಿಂದ 7.5 ಸೆಂ.ಮೀ. ವರೆಗಿನದು. ಇರಿತದ ಗಾಯವನ್ನು ಇನ್ನೂ ಅಗಲಿಸಿ ಒಳಗೆ ಶೋಧಿಸಿ ನೋಡಿದ್ದರೆ 20101. ಆದರೆ ಎದೆಯನ್ನೇ ತೆರೆದು ಥೊರಾಕಾಟಮಿ ಮಾಡಿದ್ದರೆ ಆ ಶೋಧನೆ ಅದರಲ್ಲೇ ಸೇರಿಹೋಗುತ್ತದೆ, ಬೇರೆಯಾಗಿ ಹಾಕುವಂತಿಲ್ಲ.

ಇದನ್ನು ಓದುವವರಲ್ಲಿ ನಮ್ಮ ಊರಿನ ಆಸ್ಪತ್ರೆಗಳ ಮೆಡಿಕಲ್ ರೆಕಾರ್ಡ್ಸ್ ವಿಭಾಗದವರೂ ಇರುತ್ತೀರಿ. ಈ ಕೋಡ್‌ಗಳನ್ನು ಹಾಗೆಯೇ ಅಲ್ಲಿಗೆ ಒಯ್ಯಬೇಡಿ. ನೀವು ಬಳಸುವುದು ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10 ಆದರೆ ಅದರಲ್ಲಿ ಎಸ್21.1 ಎಂದರೆ ಬರೀ ಮುಂಭಾಗದ ತೆರೆದ ಗಾಯ. ಹೊಕ್ಕಿದೆ, ಹೊಕ್ಕಿಲ್ಲ ಎಂಬ ಸೀಳು ಅಲ್ಲಿಲ್ಲ. ಹಲವು ಗಾಯಗಳಿಗೆ ಎಸ್21.7 ಇದೆ, ಅಮೆರಿಕದ ಆವೃತ್ತಿಯಲ್ಲಿ ಅದಿಲ್ಲ. ಗಾಯದ ನಂತರದ ಸೋಂಕಿಗೆ ಅಲ್ಲಿ ಟಿ79.3 ಇದೆ, ಸಿಎಂನಲ್ಲಿ ಅದೂ ಇಲ್ಲ. ಇಲ್ಲಿನ ಡಾಕ್ಟರಿಗೂ ಗಾಯದ ಆಳ ಬರೆಯುವ ಹೊಣೆ ತಪ್ಪಿದ್ದಲ್ಲ. ಪೊಲೀಸರಿಗೆ ಕೊಡುವ ವೂಂಡ್ ಸರ್ಟಿಫಿಕೇಟ್‌ನಲ್ಲಿ ಗಾಯ ಸಾಧಾರಣವೋ ತೀವ್ರವೋ ಎಂದು ಹೇಳಬೇಕು. 2024ರ ಜುಲೈ 1ರಿಂದ ತೀವ್ರ ಗಾಯದ ವಿವರಣೆ ಭಾರತೀಯ ನ್ಯಾಯ ಸಂಹಿತೆಯ 116ನೇ ಕಲಮಿನಲ್ಲಿದೆ. "ಎದೆಯ ಮೇಲೆ ಗಾಯ" ಎಂದಷ್ಟೇ ಬರೆದ ಕೇಸ್‌ಶೀಟ್ ಕೋರ್ಟಿನಲ್ಲಿ ಆ ರೋಗಿಯ ಪರ ಏನನ್ನೂ ಹೇಳಲಾರದು.

ರಿಬಟಲ್ ಹಾಕಿ ಎಂದೇ ನನ್ನ ಸಲಹೆ. ಆದರೆ ಎರಡಕ್ಕೂ ಒಂದೇ ಧಾಟಿಯಲ್ಲಿ ಬೇಡ. ಮೊದಲ ಚಾರ್ಟ್‌ಗೆ, ಎದೆಗೂಡಿನೊಳಕ್ಕೆ ಹೊಕ್ಕಿದೆ ಎಂದು ಹೇಳುವ ಸಾಲು ಯಾವ ದಿನದ ಯಾವ ನೋಟ್‌ನಲ್ಲಿದೆ ಎಂದು ವಿನಯದಿಂದ ಕೇಳಿ. ನಿಮ್ಮ ಕಣ್ಣಿಗೆ ಬೀಳದ ಪ್ರೊಸೀಜರ್ ನೋಟ್ ಒಂದನ್ನು ಅವರು ತೋರಿಸಿದರೆ ಎರರ್ ಒಪ್ಪಿಕೊಳ್ಳಿ. ತೋರಿಸದಿದ್ದರೆ ಇದನ್ನು ಕೋಡಿಂಗ್ ಎರರ್ ಬದಲು ಕ್ವೆರಿ ತಪ್ಪಿದ ಚಾರ್ಟ್ ಎಂದು ಬದಲಿಸಲು ಕೇಳಿ, ಸಾಧ್ಯವಿದ್ದರೆ ಈಗಲೂ ಕ್ವೆರಿ ಕಳಿಸಲು ಕೇಳಿ. ಎರಡನೆಯದಕ್ಕೆ ನಿಮ್ಮ ಡಿ ತಪ್ಪು ಎಂದು ಒಪ್ಪಿಕೊಂಡೇ ಕೋಡ್‌ಬುಕ್‌ನ ಕ್ರಮಪಟ್ಟಿಯಾದ ಟ್ಯಾಬುಲರ್‌ನಲ್ಲಿ ಟಿ81.33 ಅಡಿ ಇರುವ ಸಾಲನ್ನು ಮುಂದಿಡಿ. ಅಂಕ ವಾಪಸ್ ಬರುತ್ತದೆ ಎಂದು ಭರವಸೆ ಕೊಡಲಾರೆ. ಆದರೆ ತಪ್ಪು ಕೋಡ್ ಆ ಆಸ್ಪತ್ರೆಗೆ ಹೋಗುವುದು ನಿಲ್ಲುತ್ತದೆ. ಟೀಮ್ ಲೀಡ್ ಹತ್ತಿರ ಇನ್ನೊಂದನ್ನೂ ಕೇಳಿಟ್ಟುಕೊಳ್ಳಿ. ಈ ಕ್ಲೈಂಟ್‌ಗೆ ಕ್ವೆರಿ ಕಳಿಸಲು ನಿಮಗೆ ಅನುಮತಿ ಇದೆಯೇ, ಇದ್ದರೆ ಯಾರ ಮೂಲಕ, ಉತ್ತರ ಬಾರದಿದ್ದರೆ ಎಷ್ಟು ದಿನಕ್ಕೆ ಚಾರ್ಟ್ ಬಿಡಬೇಕು? ಈ ಮೂರಕ್ಕೂ ಉತ್ತರವನ್ನು ಇ-ಮೇಲ್‌ನಲ್ಲೇ ಪಡೆಯಿರಿ.